‘ಸರ್ವರ್ ಸ್ಲೋ ಇದೆ’ ಎನ್ನುವ ಮೊದಲು

ವಿಜಯನಗರ,
ಬೆಂಗಳೂರು 560040

ಪತ್ತಿನ ಸಹಕಾರ ಸಂಘ, ಔಷಧ ಏಜೆನ್ಸಿ, ಚಿಟ್‌ಫಂಡ್, ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ದಿನದ ಲೆಕ್ಕ ಹತ್ತಿಸುವ ಎಲ್ಲರಿಗೂ,



ನಿಮ್ಮಲ್ಲಿ ಅನೇಕರಿಗೆ ನನ್ನ ಮುಖ ಪರಿಚಯ. ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಅತ್ತಿಗುಪ್ಪೆಯಿಂದ ಮೂಡಲಪಾಳ್ಯದವರೆಗೆ ಓಡಾಡುವವನು. ನಾನು ಬಂದೆನೆಂದರೆ ಕೌಂಟರಿನ ಕೆಲಸ ಅರ್ಧ ದಿನ ನಿಂತಿತೆಂದೇ ಲೆಕ್ಕ. ಆದರೂ ನೀವು ಮುಖ ಗಂಟಿಕ್ಕದೆ ಕಾಫಿ ತರಿಸುತ್ತೀರಿ. ಆ ಋಣಕ್ಕೂ, ಈಚೆಗೆ ನನ್ನ ಕೈಯಿಂದಲೇ ಆದ ಒಂದು ಎಡವಟ್ಟಿಗೂ ಸೇರಿ ಈ ಕಾಗದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಫೀಸ್ 2016 ಮತ್ತು 2019ಕ್ಕೂ ಅದೇ ಕೊನೆಯ ದಿನ. ಅದರ ಹಿಂದೆಮುಂದೆ ನಮ್ಮ ಏರಿಯಾದ ಎಷ್ಟೋ ಕಚೇರಿಗಳಲ್ಲಿ ಹಳೆ ಪೆಟ್ಟಿಗೆ ಹೋಗಿ ಹೊಸ ಪೆಟ್ಟಿಗೆ ಬಂತು. ಮಾರುತಿ ಮಂದಿರದ ಹತ್ತಿರದ ಒಂದು ಪತ್ತಿನ ಸಂಘದಲ್ಲೂ ಬಂತು. ನಾಲ್ಕು ಕಂಪ್ಯೂಟರ್. ಸದಸ್ಯರ ಖಾತೆ, ಠೇವಣಿ, ಸಾಲ, ಪಿಗ್ಮಿ, ಎಲ್ಲವೂ ಇಪ್ಪತ್ತು ವರ್ಷದ ಹಿಂದೆ ಯಾರೋ ಹುಡುಗ ಬರೆದುಕೊಟ್ಟು ಹೋದ ಆಕ್ಸೆಸ್ ಪ್ರೋಗ್ರಾಮಿನಲ್ಲಿ. (ವಿಜಯನಗರದಲ್ಲಿ ಆಕ್ಸೆಸ್ ಎಂದರೆ ಸ್ಕೂಟರ್ ಎಂದುಕೊಳ್ಳುವವರೇ ಹೆಚ್ಚು. ಇದು ಆ ಆಕ್ಸೆಸ್ ಅಲ್ಲ. 1992ರಿಂದ ಇರುವ ಮೈಕ್ರೋಸಾಫ್ಟಿನ ಡೇಟಾಬೇಸ್.) ಹಳೆಯ ಫೈಲನ್ನು ಹೊಸ ಆವೃತ್ತಿಗೆ ತಂದವನು ನಾನೇ. ಶನಿವಾರ ರಾತ್ರಿ ಹತ್ತರವರೆಗೆ ಕೂತು ಮುಗಿಸಿದೆ. ಒಂದು ಖಾತೆ ತೆರೆದೆ, ಮೂರು ಸೆಕೆಂಡಿಗೆ ಬಂತು. ಖುಷಿಯಾಗಿ ಮನೆಗೆ ಹೋದೆ.

ಸೋಮವಾರ ಹನ್ನೊಂದಕ್ಕೆ ಫೋನು. ‘ಸಾರ್, ಸರ್ವರ್ ಸ್ಲೋ ಇದೆ. ಜನ ನಿಂತಿದಾರೆ.’

ಹೋದೆ. ನಾನೇ ಒಂದು ಖಾತೆ ತೆರೆದು ನೋಡಿದೆ, ಐವತ್ತು ಸೆಕೆಂಡ್. ಪಾಸ್‌ಬುಕ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ‘ಮೊದಲೇ ಚೆನ್ನಾಗಿತ್ತಲ್ಲಪ್ಪ’ ಅಂದರು. ಉತ್ತರ ಕೊಡಲಾಗದೆ ನಾನು ಮಾಡಿದ ಕೆಲಸ, ನಮ್ಮ ಕಸುಬಿನವರೆಲ್ಲ ಮಾಡುವಂಥದ್ದೇ. ರ‍್ಯಾಮ್ ಸಾಲದು, ಇನ್ನೆಂಟು ಜಿಬಿ ಹಾಕಿಸಿ ಎಂದೆ. ಕಾರ್ಯದರ್ಶಿಗಳು ಬೇಸರದಿಂದಲೇ ಹಾಕಿಸಿದರು. ಒಂದು ಸೆಕೆಂಡೂ ಕಡಿಮೆಯಾಗಲಿಲ್ಲ. ಆ ದುಡ್ಡನ್ನು ಆಮೇಲೆ ನನ್ನ ಬಿಲ್ಲಿನಲ್ಲಿ ಕಳೆದುಕೊಟ್ಟೆ, ಅದು ಬೇರೆ ಮಾತು.

ಮೊದಲು ಈ ‘ಸರ್ವರ್’ ಎಂಬ ಪದವನ್ನು ಬಿಡಿಸಿಕೊಳ್ಳೋಣ. ಉಪನೋಂದಣಿ ಕಚೇರಿ, ಬ್ಯಾಂಕು ಎಲ್ಲ ಕಡೆ ‘ಸರ್ವರ್ ಡೌನ್’ ಕೇಳಿ ಕೇಳಿ ನಮಗದು ಮಳೆ ಬಂತು ಅಂದಷ್ಟು ಸಲೀಸಾಗಿದೆ. ಆದರೆ ನಿಮ್ಮ ಕಚೇರಿಯಲ್ಲಿ ಸರ್ವರ್ ಎಂಬುದೇ ಇಲ್ಲ. ಮ್ಯಾನೇಜರ್ ಟೇಬಲ್ಲಿನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇದೆ, ಅದರಲ್ಲಿ ಒಂದು ಫೈಲ್ ಇದೆ, ಉಳಿದ ಮೂವರು ಅದನ್ನು ಹಂಚಿಕೊಂಡಿದ್ದೀರಿ, ಅಷ್ಟೆ. ಸಪ್ಲೈಯರ್ ಇರುವ ಹೋಟೆಲಿಗೂ ದರ್ಶಿನಿಗೂ ಇರುವ ವ್ಯತ್ಯಾಸ ಇದು. ದೊಡ್ಡ ಬ್ಯಾಂಕಿನ ಡೇಟಾಬೇಸಿನಲ್ಲಿ ನೀವು ಕೂತಲ್ಲೇ ಆರ್ಡರ್ ಹೇಳುತ್ತೀರಿ. ಒಳಗೆ ಹುಡುಕುವವನೇ ಬೇರೆ, ಪ್ಲೇಟು ಮಾತ್ರ ನಿಮ್ಮ ಮುಂದೆ ಬರುತ್ತದೆ. ಆಕ್ಸೆಸ್ ದರ್ಶಿನಿ. ಹುಡುಕುವ ಎಂಜಿನ್ ಪ್ರತಿ ಕಂಪ್ಯೂಟರಿನಲ್ಲೂ ಬೇರೆಬೇರೆ ಕೂತಿದೆ. ಒಂದು ಹೆಸರು ಬೇಕಾದರೂ ಅದು ತಾನೇ ಎದ್ದು ಕೌಂಟರಿಗೆ ಹೋಗಿ, ಆ ಫೈಲಿನ ಪುಟಗಳನ್ನು ವೈರಿನ ಮೇಲೆ ಹೊತ್ತು ತಂದು, ತನ್ನ ಜಾಗದಲ್ಲಿ ಬಿಡಿಸಿ ನೋಡಬೇಕು. ಹಾಗಾಗಿ ನಿಧಾನ ಎಂದರೆ ಹೋಗಿಬರುವ ದಾರಿಯ ನಿಧಾನವೇ, ಹೊರೆಯ ಭಾರವೇ, ಇಲ್ಲ ಕೌಂಟರಿನ ಮುಂದಿನ ನೂಕುನುಗ್ಗಲೇ ಎಂದು ಕೇಳಬೇಕು. ನಾನು ಕೇಳಲಿಲ್ಲ.

ಕೇಳಿದವರು ಕೌಂಟರಿನ ಮೇಡಂ. ಮೂರನೇ ದಿನ ನಾನು ಹೋದಾಗ ಅವರು ಹಣ ಕಟ್ಟುವ ಚಲನ್ನಿನ ಹಿಂಬದಿ ನನ್ನ ಮುಂದಿಟ್ಟರು. ನೀಲಿ ಪೆನ್ನಿನಲ್ಲಿ ಗೆರೆ ಎಳೆದು ಬರೆದಿದ್ದರು: 9.40, ನಾನೊಬ್ಬಳೇ, 3 ಸೆಕೆಂಡ್. 9.55, ಕ್ಯಾಷಿಯರ್ ಬಂದರು, 40. 10.20, ಮೂವರೂ, 55. 1.30, ಇಬ್ಬರು ಊಟಕ್ಕೆ, ಮತ್ತೆ 3. ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ ‘ಸಾಲದ ರಿಪೋರ್ಟ್ ಮಾತ್ರ ಒಬ್ಬಳೇ ಇದ್ದರೂ ಲೇಟ್’ ಎಂದಿತ್ತು. ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆದಿದ್ದರಂತೆ. ಮೂರು ದಿನ ನಾನು ಮಾಡದ ಕೆಲಸ ಆ ಚೀಟಿಯಲ್ಲಿತ್ತು. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಿದ್ದೇನೆ.

ಒಬ್ಬರೇ ಇದ್ದಾಗ ಚುರುಕು, ಎರಡನೆಯವರು ಬಂದ ತಕ್ಷಣ ನಿಧಾನ. ಶನಿವಾರ ರಾತ್ರಿ ನನಗೆ ಮೂರೇ ಸೆಕೆಂಡಿಗೆ ಬಂದದ್ದು ಏಕೆಂದು ಆಗ ಹೊಳೆಯಿತು. ಆ ಹೊತ್ತಿಗೆ ಕಚೇರಿಯಲ್ಲಿ ನಾನೊಬ್ಬನೇ ಇದ್ದೆ.

ಹಳೆ ಬೆಂಗಳೂರಿನ ವಠಾರ ನೆನೆಸಿಕೊಳ್ಳಿ. ವಠಾರದಲ್ಲಿ ಒಂದೇ ಸಂಸಾರ ಇದ್ದರೆ ನಲ್ಲಿ ನೀರನ್ನು ಹಂಡೆ, ಕೊಡ ಎಲ್ಲಕ್ಕೂ ತುಂಬಿ ಒಳಗಿಟ್ಟುಕೊಳ್ಳಬಹುದು. ಬೇಕಾದಾಗ ಒಳಗಿನಿಂದಲೇ ಮೊಗೆದುಕೊಂಡರಾಯಿತು. ಎರಡನೇ ಸಂಸಾರ ಬಂತೆಂದರೆ ಆ ಸೌಕರ್ಯ ಹೋಯಿತು. ಚೊಂಬು ನೀರಿಗೂ ನಲ್ಲಿಗೇ ಹೋಗಬೇಕು. ವಿಂಡೋಸ್ ಹಂಚಿಕೊಂಡ ಫೈಲಿನ ವಿಷಯದಲ್ಲೂ ಹೀಗೇ ಮಾಡುತ್ತದೆ. ಒಬ್ಬರೇ ತೆರೆದಿದ್ದರೆ ಓದಿದ ಭಾಗವನ್ನು ಆ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ಬಿಡುತ್ತದೆ. ಇನ್ನೊಬ್ಬರು ತೆರೆದರೆ ಆ ಪರವಾನಗಿ ವಾಪಸ್. ಹಾಗೆ ಮಾಡದಿದ್ದರೆ ಒಬ್ಬರ ಪರದೆಯಲ್ಲಿ ಹಳೇ ಬಾಕಿ, ಇನ್ನೊಬ್ಬರದರಲ್ಲಿ ಹೊಸ ಬಾಕಿ ಕಂಡೀತು. ಇದು ದೋಷವಲ್ಲ, ಬೇಕಾದ ಶಿಸ್ತು.

ಅದರ ಜೊತೆಗೆ ಹಾಜರಿ ಪುಸ್ತಕವೊಂದಿದೆ. ಆಕ್ಸೆಸ್ ಫೈಲನ್ನು ತೆರೆದಾಗ ಪಕ್ಕದಲ್ಲೇ ಅದೇ ಹೆಸರಿನ, ಎಲ್‌ಎಸಿಸಿಡಿಬಿ ಎಂಬ ಬಾಲದ ಒಂದು ಪುಟ್ಟ ಫೈಲ್ ಹುಟ್ಟುವುದನ್ನು ನೀವು ನೋಡಿರಬಹುದು. ಯಾರು ಒಳಗಿದ್ದಾರೆ, ಯಾರು ಯಾವ ಸಾಲನ್ನು ಹಿಡಿದುಕೊಂಡಿದ್ದಾರೆ ಎಂದು ಅದು ಬರೆದುಕೊಳ್ಳುತ್ತದೆ. ಎಲ್ಲರೂ ಹೊರಬಿದ್ದರೆ ತಾನಾಗಿ ಅಳಿಯುತ್ತದೆ. ನಿಮ್ಮ ಪ್ರೋಗ್ರಾಂ ಒಂದೊಂದು ಪರದೆಗೂ ಡೇಟಾ ಫೈಲನ್ನು ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದರೆ ಪ್ರತಿ ಸಲವೂ ಆ ಪುಸ್ತಕದಲ್ಲಿ ಸಹಿ ಹಾಕಬೇಕು, ಒಳಗಿರುವ ಉಳಿದವರನ್ನು ವಿಚಾರಿಸಬೇಕು. ಐವತ್ತು ಸೆಕೆಂಡು ಹೋಗುತ್ತಿದ್ದದ್ದು ಅಲ್ಲಿ. ಖಾತೆ ಹುಡುಕುವುದರಲ್ಲಿ ಅಲ್ಲ.

ಹಾಗಾದರೆ ಇಪ್ಪತ್ತು ವರ್ಷ ಇದು ಏಕೆ ಆಗಿರಲಿಲ್ಲ?

ಇಲ್ಲಿ ನನ್ನ ಎಡವಟ್ಟು. ಆ ಹುಡುಗನ ಹಳೆಯ ಪ್ರೋಗ್ರಾಮಿನಲ್ಲಿ ಒಂದು ಅಡಗಿಸಿಟ್ಟ ಫಾರಂ ಇತ್ತು. ಪ್ರೋಗ್ರಾಂ ಶುರುವಾದಾಗ ತೆರೆದುಕೊಂಡು, ಸಂಘದ ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಒಂದೇ ಸಾಲಿನ ಕೋಷ್ಟಕವನ್ನು ಹಿಡಿದುಕೊಂಡು, ಸಂಜೆಯವರೆಗೆ ಕಣ್ಣಿಗೆ ಕಾಣದಂತೆ ಸುಮ್ಮನೆ ಕೂತಿರುತ್ತಿತ್ತು. ಬೇರೇನೂ ಮಾಡುತ್ತಿರಲಿಲ್ಲ. ಹೊಸ ಆವೃತ್ತಿಗೆ ತರುವಾಗ ‘ಇದ್ಯಾಕೆ ಇಲ್ಲಿ, ಕಸ’ ಎಂದು ನಾನು ಅಳಿಸಿದೆ. ಅದರ ಉದ್ಯೋಗವೇ ಸುಮ್ಮನೆ ಕೂರುವುದಾಗಿತ್ತು. ಅದು ಬಾಗಿಲು ಹಿಡಿದುಕೊಂಡಿದ್ದರೆ ಒಳಹೊರಗೆ ಹೋಗುವವರು ಪ್ರತಿ ಸಲ ಚಿಲಕ ತೆಗೆಯಬೇಕಾಗಿರಲಿಲ್ಲ. ಬ್ಯಾಕಪ್ಪಿನಿಂದ ಆ ಫಾರಂ ತಂದು ಸೇರಿಸಿದೆ. ನಾಲ್ವರೂ ಕೂತಿದ್ದಾಗ ಖಾತೆ ನಾಲ್ಕು ಸೆಕೆಂಡಿಗೆ ಬಂತು. ಆ ಹುಡುಗ ಈಗ ಎಲ್ಲಿದ್ದಾನೋ. ಒಂದು ಸಾಲಿನ ಟಿಪ್ಪಣಿ ಬರೆದಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು ಎಂದು ಅವನ ಮೇಲೆ ಸ್ವಲ್ಪ ಕೋಪವೂ ಇದೆ.

ಇನ್ನು ಸಾಲದ ರಿಪೋರ್ಟು. ಒಬ್ಬರೇ ಇದ್ದರೂ ತಡ ಎಂದು ಮೇಡಂ ಬರೆದಿದ್ದರಲ್ಲ, ಅದು ಬೇರೆಯೇ ಕಾಯಿಲೆ. ಆಕ್ಸೆಸ್ ರಿಪೋರ್ಟನ್ನು ಪರದೆಗೆ ತರುವಾಗಲೂ ಡೀಫಾಲ್ಟ್ ಪ್ರಿಂಟರನ್ನು ಮಾತಾಡಿಸುತ್ತದೆ, ಕಾಗದದ ಅಳತೆ ಎಷ್ಟು, ಅಂಚು ಎಷ್ಟು ಎಂದು. ಹೊಸ ಕಂಪ್ಯೂಟರಿನಲ್ಲಿ ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಎಂಬ ಆಯ್ಕೆ ಹಾಗೇ ಉಳಿದಿತ್ತು. ಕೊನೆಯಲ್ಲಿ ಬಳಸಿದ ಪ್ರಿಂಟರೇ ಆಗ ಡೀಫಾಲ್ಟ್ ಆಗುತ್ತದೆ. ಯಾರೋ ಒಮ್ಮೆ ಅಧ್ಯಕ್ಷರ ಕೋಣೆಯ ಪ್ರಿಂಟರಿಗೆ ಆಹ್ವಾನ ಪತ್ರಿಕೆ ಕಳಿಸಿದ್ದರು. ಆ ಕೋಣೆಗೆ ಬೀಗ, ಪ್ರಿಂಟರಿಗೆ ಸ್ವಿಚ್ ಆಫ್. ಉತ್ತರ ಕೊಡದ ಬಾಗಿಲನ್ನು ತಟ್ಟುತ್ತಾ ರಿಪೋರ್ಟು ನಿಂತಿತ್ತು. ಪಾಸ್‌ಬುಕ್ಕಿನ ಡಾಟ್ ಮ್ಯಾಟ್ರಿಕ್ಸನ್ನೇ ಡೀಫಾಲ್ಟ್ ಮಾಡಿ ಆ ಆಯ್ಕೆ ತೆಗೆದೆ. ಎರಡು ನಿಮಿಷದ ಕೆಲಸ.

ಎರಡು ನಿಮಿಷದಲ್ಲಿ ಆಗದ್ದು ಕನ್ನಡದ ಕೆಲಸ, ಅಂದರೆ ಹೆಸರು ಹುಡುಕುವಾಗಿನ ನಿಧಾನ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನ ಯಾವ ಕೈಪಿಡಿಯಲ್ಲೂ ಇದು ಸಿಗುವುದಿಲ್ಲ.

ನಮ್ಮ ಕಚೇರಿಗಳಲ್ಲಿ ಕನ್ನಡ ಬಂದದ್ದು ಬರಹ, ನುಡಿ ತಂತ್ರಾಂಶಗಳ ಮೂಲಕ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಮಾಡಿದ ನುಡಿ ಅದರ ಹಿಂದೆಯೇ ಬಂತು. ಅವಿಲ್ಲದಿದ್ದರೆ ಸದಸ್ಯರ ಪಟ್ಟಿಯೆಲ್ಲ ಇವತ್ತಿಗೂ ಇಂಗ್ಲಿಷಿನಲ್ಲೇ ಇರುತ್ತಿತ್ತು. ಆದರೆ ಅಂದಿನ ಆ ಫಾಂಟುಗಳಲ್ಲಿ ಯಂತ್ರದ ಮಟ್ಟಿಗೆ ಕನ್ನಡ ಅಕ್ಷರ ಎಂಬುದೇ ಇರಲಿಲ್ಲ. ರೋಮನ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು, ಅಂದರೆ ತಲೆಕಟ್ಟು, ಗುಡಿಸು, ಒತ್ತುಗಳನ್ನು ಕೂರಿಸಿದ್ದರು. ಫಾಂಟ್ ತೆಗೆದರೆ ಶಿವಣ್ಣ ಎಂಬ ಸದಸ್ಯರ ಹೆಸರು ಯಾವುದೋ ಯುರೋಪಿನ ಭಾಷೆಯ ಬೈಗುಳದಂತೆ ಕಾಣುತ್ತಿತ್ತು. ಆಮೇಲೆ ಯುನಿಕೋಡ್ ಬಳಕೆಗೆ ಬಂತು, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತು.

ಸಂಘದ ಫೈಲಿನಲ್ಲಿ ಎರಡೂ ಇದ್ದವು. ಹಳೇ ಸದಸ್ಯರು ನುಡಿಯಲ್ಲಿ, ಹೊಸ ಸದಸ್ಯರು ಯುನಿಕೋಡಿನಲ್ಲಿ. ಎಲ್ಲರೂ ಒಂದೇ ಪಟ್ಟಿಯಲ್ಲಿ ಕಾಣಲಿ ಎಂದು ನಡುವೆ ಯಾರೋ ಒಂದು ಪರಿವರ್ತಕ ಬರೆದು ಸೇರಿಸಿದ್ದರು. ಹುಡುಕುವ ಡಬ್ಬಿಯಲ್ಲಿ ನೀವು ‘ಶಿ’ ಎಂದು ಒತ್ತಿದ ಕೂಡಲೇ ಅದು ಹದಿನಾಲ್ಕು ಸಾವಿರ ಹೆಸರುಗಳನ್ನೂ ನುಡಿಯಿಂದ ಯುನಿಕೋಡಿಗೆ ತಿರುಗಿಸಿ ಹೋಲಿಸುತ್ತದೆ. ‘ವ’ ಒತ್ತಿದರೆ ಮತ್ತೆ ಹದಿನಾಲ್ಕು ಸಾವಿರ. ಹೆಸರಿನ ಕಾಲಮ್ಮಿಗೆ ಇಂಡೆಕ್ಸ್ ಇತ್ತು, ಆದರೆ ಪ್ರಯೋಜನಕ್ಕಿಲ್ಲ. ಇಂಡೆಕ್ಸ್ ಇರುವುದು ಒಳಗೆ ಬರೆದಿಟ್ಟ ರೂಪಕ್ಕೆ. ನೀವು ಹುಡುಕುತ್ತಿರುವುದು ಪರಿವರ್ತಿಸಿದ ರೂಪವನ್ನು. ನಿಘಂಟು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದ್ದು, ನಾವು ಕನ್ನಡ ಅರ್ಥದಿಂದ ಪದ ಹುಡುಕಿದ ಹಾಗೆ. ಮೊದಲ ಪುಟದಿಂದ ಕೊನೆಯವರೆಗೆ ಮಗುಚಲೇಬೇಕು.

ಪರಿಹಾರ ಸರಳ: ಹಳೆಯ ಹೆಸರುಗಳನ್ನೆಲ್ಲ ಒಂದೇ ಸಲ ಯುನಿಕೋಡಿಗೆ ತಿರುಗಿಸಿ ಹೊಸ ಕಾಲಮ್ಮಿನಲ್ಲಿ ಬರೆದಿಡುವುದು, ಅದಕ್ಕೆ ಇಂಡೆಕ್ಸ್ ಹಾಕುವುದು, ಪರಿವರ್ತಕಕ್ಕೆ ಕೈಮುಗಿಯುವುದು. ಹೇಳಲು ಸರಳ. ತಿರುಗಿಸಿದ ಹದಿನಾಲ್ಕು ಸಾವಿರ ಹೆಸರುಗಳನ್ನು ಮೇಡಂ ಮತ್ತು ಕ್ಯಾಷಿಯರ್ ಎರಡು ವಾರ ಸಂಜೆ ಕೂತು ಸದಸ್ಯತ್ವದ ರಿಜಿಸ್ಟರಿನ ಜೊತೆ ತಾಳೆ ನೋಡಿದರು. ರ‍್ಯಾಮಿಗೆ ದುಡ್ಡು ಕೊಡುವ ಸಂಘಗಳು ಇಂಥ ಕೆಲಸಕ್ಕೆ ಓವರ್‌ಟೈಮ್ ಕೊಡಲು ಹಿಂದೆಮುಂದೆ ನೋಡುತ್ತವೆ, ಕೊಡಬೇಕು.

ಇನ್ನೊಂದು ಸಣ್ಣ ವಿಷಯ. ಆಕ್ಸೆಸ್ 2000ದಿಂದ ಒಳಗಿನ ಅಕ್ಷರಗಳು ಯುನಿಕೋಡಿನಲ್ಲೇ ಕೂರುತ್ತವೆ, ಒಂದೊಂದಕ್ಕೆ ಎರಡು ಬೈಟ್. ಇಂಗ್ಲಿಷ್ ಅಕ್ಷರವನ್ನು ಒಂದು ಬೈಟಿಗೆ ಕುಗ್ಗಿಸುವ ಉಪಾಯ ಅದರಲ್ಲಿದೆ, ಕನ್ನಡಕ್ಕೆ ಅದು ನಡೆಯುವುದಿಲ್ಲ. ನಮ್ಮ ಕಣ್ಣಿಗೆ ಮೂರಕ್ಷರದ ‘ಶಿವಣ್ಣ’ ಯಂತ್ರಕ್ಕೆ ಆರು ಸಂಕೇತ, ಹನ್ನೆರಡು ಬೈಟ್. ಹಾಗಾಗಿ ಕನ್ನಡಕ್ಕೆ ಬಂದಮೇಲೆ ಫೈಲ್ ದಪ್ಪಗಾದರೆ ಗಾಬರಿ ಬೇಡ. ಆಕ್ಸೆಸ್ ಫೈಲ್ 2 ಜಿಬಿ ದಾಟುವಂತಿಲ್ಲ ಎಂಬುದೊಂದು ನೆನಪಿರಲಿ.

ಆ ಮಿತಿಗೆ ನಿಮ್ಮನ್ನು ಕೊಂಡೊಯ್ಯುವುದು ಹೆಸರುಗಳಲ್ಲ, ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ವಸೂಲಿ ಶುರುಮಾಡಿದಾಗ ಅದರ ಲೆಕ್ಕ ಒಂದು ದಿನ ಆಕ್ಸೆಸ್‌ಗೆ ಹೊರೆಯಾದೀತೆಂದು ಯಾರು ಕಂಡಿದ್ದರು! ಆರು ನೂರು ಪಿಗ್ಮಿ ಖಾತೆ, ವರ್ಷಕ್ಕೆ ಮುನ್ನೂರು ದಿನ ಎಂದರೆ 1,80,000 ಸಾಲು. ಹತ್ತು ವರ್ಷಕ್ಕೆ 18 ಲಕ್ಷ. ಒಂದು ವರ್ಷದ ಪಿಗ್ಮಿ ಮೊತ್ತ ಕೇಳುವ ಕ್ವೆರಿಯಲ್ಲಿ ‘ದಿನಾಂಕದಿಂದ ವರ್ಷ ತೆಗೆ, ಅದು 2025 ಇದ್ದರೆ ಕೂಡಿಸು’ ಎಂದು ಬರೆದಿತ್ತು. ಹೀಗೆ ಕೇಳಿದರೆ 18 ಲಕ್ಷ ಸಾಲಿನಿಂದಲೂ ವರ್ಷ ತೆಗೆದು ನೋಡಬೇಕು, ದಿನಾಂಕದ ಇಂಡೆಕ್ಸ್ ಮತ್ತೆ ದಂಡ. ‘ಈ ತಾರೀಖಿನಿಂದ ಈ ತಾರೀಖಿನವರೆಗೆ’ ಎಂದು ತಿದ್ದಿದೆ, ನೇರವಾಗಿ ಆ ಜಾಗಕ್ಕೇ ಹೋಯಿತು. ಅಳಿಸಿದ ಸಾಲುಗಳ ಜಾಗವೂ ಫೈಲಿನಲ್ಲಿ ಹಾಗೇ ಉಳಿದಿರುತ್ತದೆ. ಆಕ್ಸೆಸ್‌ನದೇ ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್ ಮಾಡಿದ ಮೇಲೆ 940 ಎಂಬಿ ಇದ್ದದ್ದು 410ಕ್ಕೆ ಇಳಿಯಿತು. ಇದನ್ನು ನೀವೇ ಮಾಡಬಹುದು. ಆದರೆ ಎಲ್ಲರೂ ಹೊರಬಂದ ಮೇಲೆ, ಫೈಲಿನ ನಕಲೊಂದನ್ನು ಪೆನ್‌ಡ್ರೈವಿಗೆ ಹಾಕಿದ ಮೇಲೆ. ನಡುವೆ ಕರೆಂಟು ಹೋದರೆ ಆ ನಕಲೇ ಗತಿ.

ಆ್ಯಂಟಿವೈರಸ್ ಪ್ರತಿ ಓದಿಗೂ ಇಡೀ ಫೈಲನ್ನು ಮೂಸಿ ನೋಡುತ್ತಿದ್ದರೆ ಡೇಟಾ ಫೈಲಿರುವ ಆ ಒಂದು ಫೋಲ್ಡರಿಗೆ ವಿನಾಯಿತಿ ಕೊಡಿಸಿ; ಪೂರ್ತಿ ಆಫ್ ಮಾಡಬೇಡಿ. ಹೊಸ ಕಂಪ್ಯೂಟರ್ ಬಂದ ದಿನ ವೈರ್ ಎಳೆಯುವ ಹುಡುಗ ಬಾರದೆ ‘ಸದ್ಯಕ್ಕೆ ವೈಫೈ ಇರಲಿ’ ಎಂದಿದ್ದರೆ, ಆ ಸದ್ಯವನ್ನು ಇವತ್ತೇ ಮುಗಿಸಿ. ಹಂಚಿಕೊಂಡ ಆಕ್ಸೆಸ್ ಫೈಲಿಗೆ ವೈಫೈ ಆಗದು. ನಿಧಾನವಷ್ಟೇ ಅಲ್ಲ, ಸಂಪರ್ಕ ಕಡಿದರೆ ಫೈಲೇ ಕೆಡಬಹುದು.

ಟ್ಯಾಲಿ ಬಳಸುವವರು ನಮಗೇನು ಎಂದು ಕೇಳಬಹುದು. ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್, 1986ರಲ್ಲಿ ಶುರುವಾದ ಕಂಪನಿ. ಅದರ ಹೊಟ್ಟೆಯೊಳಗಿನ ರಚನೆ ಬೇರೆ. ಆದರೆ ಅಲ್ಲೂ ನಾಲ್ಕು ಜನ ಒಂದು ಫೋಲ್ಡರಿನ ಡೇಟಾ ಹಂಚಿಕೊಂಡಿದ್ದರೆ ದಾರಿ, ಹೊರೆ, ನೂಕುನುಗ್ಗಲು ಮೂರೂ ಇದ್ದೇ ಇರುತ್ತವೆ. ಕಂಪನಿ ಕಾಯ್ದೆಗೆ ಒಳಪಟ್ಟವರಿಗೆ ಇನ್ನೊಂದಿದೆ: 2023ರ ಏಪ್ರಿಲ್ 1ರಿಂದ ಯಾರು ಯಾವ ನಮೂದನ್ನು ಯಾವಾಗ ತಿದ್ದಿದರೆಂದು ಲೆಕ್ಕದ ಸಾಫ್ಟ್‌ವೇರ್ ಉಳಿಸಿಟ್ಟುಕೊಳ್ಳಲೇಬೇಕು. ಅದಕ್ಕೆಂದು ಬರೆಯುವ ಕೆಲಸವೂ ಡೇಟಾವೂ ಹೆಚ್ಚಾಗುತ್ತವೆ. ಆ ನಿಧಾನವನ್ನು ಆಫ್ ಮಾಡಿಕೊಡಿ ಎಂದು ನನ್ನನ್ನು ಕೇಳಬೇಡಿ. ಕೇಳಿದವರಿದ್ದಾರೆ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ಫೋನಿನಲ್ಲಿ ‘ಸ್ಲೋ’ ಅನ್ನಬೇಡಿ. ಮೇಡಂ ಬರೆದ ಹಾಗೆ ಬರೆದು ಅದರ ಫೋಟೋ ಕಳಿಸಿ. ಯಾವ ಪರದೆ, ಎಷ್ಟು ಹೊತ್ತಿಗೆ, ಆಗ ಒಳಗೆ ಎಷ್ಟು ಜನ, ಎಷ್ಟು ಸೆಕೆಂಡ್. ಅಪ್‌ಗ್ರೇಡ್ ಮಾಡಿಸುವ ಹಿಂದಿನ ದಿನವೂ ಇದನ್ನೇ ಬರೆದಿಡಿ. ‘ಮೊದಲು ಚೆನ್ನಾಗಿತ್ತು’ ಎಂಬುದು ಆಗ ಅಂಕಿಯಲ್ಲಿರುತ್ತದೆ, ನನ್ನಂಥವನು ವಾದ ಮಾಡಲಾಗುವುದಿಲ್ಲ. ಮತ್ತೆ, ಹೊಸದನ್ನು ಹಾಕಿ ಒಂದೇ ಕಂಪ್ಯೂಟರಿನಲ್ಲಿ ನೋಡಿ ‘ಸರಿಯಾಯಿತು’ ಎಂದು ಹೊರಡುವವನನ್ನು ಬಾಗಿಲಲ್ಲೇ ನಿಲ್ಲಿಸಿ, ನಾಲ್ವರೂ ಒಟ್ಟಿಗೆ ಕೂತು ತೆರೆದು ತೋರಿಸಿ. ಒಮ್ಮೆಗೆ ಒಂದನ್ನೇ ಬದಲಿಸಲು ಹೇಳಿ. ನಾನು ರ‍್ಯಾಮ್, ಕೇಬಲ್, ಆ್ಯಂಟಿವೈರಸ್ ಮೂರನ್ನೂ ಒಂದೇ ಮಧ್ಯಾಹ್ನ ಮುಟ್ಟಿದ್ದೆ. ಯಾವುದರಿಂದ ಏನಾಯಿತೆಂದು ನನಗೇ ತಿಳಿಯಲಿಲ್ಲ.

ಸಂಘದಲ್ಲಿ ಈಗ ಎಲ್ಲ ನೆಟ್ಟಗಿದೆ, ಒಂದನ್ನು ಬಿಟ್ಟು. ಮೂರನೇ ಕಂಪ್ಯೂಟರ್ ಗುರುವಾರ ಮಧ್ಯಾಹ್ನ ಎರಡೂವರೆಯಿಂದ ಸುಮಾರು ಅರ್ಧ ಗಂಟೆ ಎಳೆಯುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಮೇಡಂ ನಾಲ್ಕು ಗುರುವಾರ ಬರೆದಿಟ್ಟಿದ್ದಾರೆ. ವಾರಕ್ಕೊಮ್ಮೆಯ ಸ್ಕ್ಯಾನ್ ಇರಬೇಕೆಂದು ನಾನು, ಬ್ಯಾಕಪ್ ಇರಬೇಕೆಂದು ಕ್ಯಾಷಿಯರ್. ಎರಡೂ ಆ ಹೊತ್ತಿಗೆ ನಿಗದಿಯಾಗಿಲ್ಲ. ಬರುವ ಗುರುವಾರ ಎರಡಕ್ಕೆಲ್ಲ ಹೋಗಿ ಆ ಕುರ್ಚಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ನಿಮ್ಮ ಕಚೇರಿಯಲ್ಲೂ ಹೀಗಾಗಿದ್ದರೆ ಅಷ್ಟರೊಳಗೆ ತಿಳಿಸಿ.

ಇಂತಿ ನಿಮ್ಮವ,
ಹಾರ್ಡ್ ಡಿಸ್ಕ್ ಬ್ಯಾಗಿನವನು